ಯಾವ ಡಾಕ್ಟರು ಬೇಕು?

ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಲ್ಲಾಗಲಿ, ಯಾವ ದೊಡ್ಡ ರಸ್ತೆಯಲ್ಲಿ ನಡೆದರೂ ಒಂದು ನೋಟ ತಪ್ಪುವುದಿಲ್ಲ. ಕೆಳಗೆ ಔಷಧದಂಗಡಿ, ಅದರ ಮಗ್ಗುಲಲ್ಲಿ ರಕ್ತಪರೀಕ್ಷೆಯ ಕೊಠಡಿ, ಮೇಲಿನ ಮಹಡಿಯಲ್ಲಿ ಪಾಲಿಕ್ಲಿನಿಕ್ಕು, ಮೆಟ್ಟಿಲ ಬುಡದಲ್ಲಿ ಆಳೆತ್ತರದ ಫಲಕ. ಫಲಕದ ತುಂಬ ಹದಿನೈದಿಪ್ಪತ್ತು ಡಾಕ್ಟರರ ಹೆಸರು. ಪ್ರತಿ ಹೆಸರಿಗೂ ಬಾಲದಂತೆ ಅಕ್ಷರಗಳ ಸಾಲು. ಅದರ ಕೆಳಗೆ ಒಂದು ಬಿರುದು: ನೆಫ್ರಾಲಜಿಸ್ಟ್, ಯೂರಾಲಜಿಸ್ಟ್, ಎಂಡೊಕ್ರೈನಾಲಜಿಸ್ಟ್, ರುಮಟಾಲಜಿಸ್ಟ್, ಪಲ್ಮನಾಲಜಿಸ್ಟ್. ಇದನ್ನೆಲ್ಲ ಓದಿ, ಅಥವಾ ಓದಲಾರದೆ, ರೋಗಿಯು ಮೆಟ್ಟಿಲು ಹತ್ತಿ ಹೋದರೆ ಮೇಜಿನ ಹಿಂದೆ ಕುಳಿತ ಹುಡುಗಿ ಕೇಳುವ ಮೊದಲ ಪ್ರಶ್ನೆ ಒಂದೇ: “ಯಾವ ಡಾಕ್ಟರು ಬೇಕು?”

ನನ್ನ ತಕರಾರು ಇರುವುದು ಈ ಪ್ರಶ್ನೆಯ ಮೇಲೆ. ಹುಡುಗಿಯ ಮೇಲಲ್ಲ; ಕಲಿಸಿದ್ದನ್ನು ಆಕೆ ಕೇಳುತ್ತಾಳೆ. ಆದರೆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿ. ಯಾವ ಡಾಕ್ಟರು ಬೇಕೆಂದು ಹೇಳಬೇಕಾದರೆ ಯಾವ ಅಂಗ ಕೆಟ್ಟಿದೆಯೆಂದು ತಿಳಿದಿರಬೇಕು. ಯಾವ ಅಂಗ ಕೆಟ್ಟಿದೆಯೆಂದು ಗೊತ್ತುಮಾಡುವುದಕ್ಕೇ ರೋಗನಿದಾನವೆಂದು ಹೆಸರು. ಎಂ. ಬಿ. ಬಿ. ಎಸ್.ಗೆ ಐದೂವರೆ ವರ್ಷ, ಎಂ. ಡಿ.ಗೆ ಮೂರು ವರ್ಷ, ಅದರ ಮೇಲೆ ಡಿ. ಎಂ.ಗೆ ಮತ್ತೆ ಮೂರು ವರ್ಷ, ಹೀಗೆ ಹನ್ನೊಂದೂವರೆ ವರ್ಷ ಓದಿದವರು ಮಾಡಬೇಕಾದ ಕೆಲಸದ ಮೊದಲ ಹೆಜ್ಜೆಯನ್ನು ಏನೂ ಓದದ ರೋಗಿಯ ತಲೆಗೆ ಕಟ್ಟಿ, ಆಮೇಲೆ ಅವನಿಂದಲೇ ಫೀಜು ವಸೂಲು ಮಾಡುವ ಏರ್ಪಾಡು ಇದು. ಅವನ ಊಹೆ ತಪ್ಪಾಯಿತೆನ್ನಿ. ಒಳಗಿನ ಡಾಕ್ಟರು ಸೌಜನ್ಯದಿಂದಲೇ, “ಇದು ನನ್ನ ವಿಭಾಗವಲ್ಲ, ಇಂಥವರನ್ನು ನೋಡಿ” ಎನ್ನುತ್ತಾರೆ. ಆ ಇಂಥವರು ಬರುವುದು ಗುರುವಾರ ಸಂಜೆ. ಮೊದಲನೆಯ ಫೀಜು ಹೋಯಿತು, ಮೂರು ದಿನ ಹೋಯಿತು. ರೋಗ ಮಾತ್ರ ಇದ್ದಲ್ಲೇ ಇದೆ, ಇಲ್ಲವೆ ಒಂದು ಹೆಜ್ಜೆ ಮುಂದೆ ಹೋಗಿದೆ.

ಇದನ್ನು ವೈದ್ಯಮಿತ್ರರ ಮುಂದೆ ಹೇಳಿದರೆ ಅವರು ನಕ್ಕು ಒಂದು ಮಾತು ಹೇಳುತ್ತಾರೆ: ಇದನ್ನೆಲ್ಲ ರೋಗಿ ತಿಳಿದುಕೊಳ್ಳಬೇಕಾಗಿಲ್ಲ, ಅರ್ಧ ತಿಳಿದ ರೋಗಿಗಿಂತ ಏನೂ ತಿಳಿಯದ ರೋಗಿಯೇ ಮೇಲು. ಒಪ್ಪೋಣ. ಹಾಗಾದರೆ ಏನೂ ತಿಳಿಯದವನನ್ನು “ಯಾವ ಡಾಕ್ಟರು ಬೇಕು” ಎಂದು ಕೇಳುವುದು ಏಕೆ? ತಿಳಿಯಬಾರದು ಎಂದೂ ಹೇಳಿ, ತಿಳಿದವನಂತೆ ಉತ್ತರ ಕೊಡು ಎಂದೂ ಹೇಳುವುದು ಯಾವ ತರ್ಕ? ಎರಡರಲ್ಲಿ ಒಂದಾಗಬೇಕು. ಬಾಗಿಲಲ್ಲೇ ಒಬ್ಬ ತಿಳಿದವರು ಕುಳಿತು ದಾರಿ ತೋರಿಸಬೇಕು. ಇಲ್ಲವೆ, ಯಾರು ಏನು ಮಾಡುತ್ತಾರೆಂದು ಫಲಕ ರೋಗಿಗೆ ತಿಳಿಯುವಂತೆ ಹೇಳಬೇಕು. ಎರಡೂ ಇಲ್ಲದ ಕಡೆ ನಡೆಯುವುದು ಕುರುಡಾಟ.

ಜನ ದಡ್ಡರು, ಎಷ್ಟು ಹೇಳಿದರೂ ಅಷ್ಟೇ, ಎನ್ನುವವರೂ ಉಂಟು. ಬೆಂಗಳೂರಿನ ಜನರ ಜಾಣತನವನ್ನು ಅವರು ನೋಡಿಲ್ಲ. ಕಣ್ಣೆಂದರೆ ಮಿಂಟೋ, ಹೆರಿಗೆಯೆಂದರೆ ವಾಣಿವಿಲಾಸ, ಎದೆಯೆಂದರೆ ಜಯದೇವ, ಕ್ಯಾನ್ಸರೆಂದರೆ ಕಿದ್ವಾಯಿ, ತಲೆಯೆಂದರೆ ನಿಮ್ಹಾನ್ಸ್. ಈ ಸಂಸ್ಥೆಗಳ ಪೂರ್ಣನಾಮಗಳನ್ನು ತಪ್ಪಿಲ್ಲದೆ ಹೇಳಬಲ್ಲವರು ಎಷ್ಟು ಮಂದಿಯೋ! ಆದರೆ ಚಾಮರಾಜನಗರದಿಂದ ಬಂದ ರೈತನೂ ಬಸ್ಸಿನಲ್ಲಿ ಸರಿಯಾದ ಜಾಗಕ್ಕೇ ಟಿಕೀಟು ಕೇಳುತ್ತಾನೆ. ಸಂಸ್ಥೆಗೊಂದು ಅಂಗವಿತ್ತು, ಜನ ಸಂಸ್ಥೆಯ ಹೆಸರನ್ನೇ ಅಂಗದ ಹೆಸರಾಗಿ ಮಾಡಿಕೊಂಡರು. ಹಲ್ಲಿನ ಡಾಕ್ಟರು, ಕಣ್ಣಿನ ಡಾಕ್ಟರು, ಮಕ್ಕಳ ಡಾಕ್ಟರು, ಚರ್ಮದ ಡಾಕ್ಟರು ಎಂಬ ಹೆಸರುಗಳನ್ನೂ ಯಾವ ಪಂಡಿತರೂ ಕಟ್ಟಿಕೊಡಲಿಲ್ಲ. ಹಲ್ಲುನೋವಿನವನು ಮಕ್ಕಳ ಡಾಕ್ಟರ ಬಾಗಿಲು ತಟ್ಟಿದ್ದನ್ನು ಯಾರಾದರೂ ಕಂಡಿದ್ದಾರೆಯೆ? ದಾರಿ ತಪ್ಪುವುದು ಕನ್ನಡದ ಹೆಸರಿಲ್ಲದ ಬಾಗಿಲುಗಳಲ್ಲಿ. ಇಪ್ಪತ್ತು ಅಂಗಗಳನ್ನು ಒಂದೇ ಮಹಡಿಯಲ್ಲಿ ತುಂಬಿದ ಪಾಲಿಕ್ಲಿನಿಕ್ಕಿನಲ್ಲಿ ಅಂಥ ಬಾಗಿಲುಗಳೇ ಹೆಚ್ಚು.

ಕನ್ನಡದ ಹೆಸರು ಇದ್ದರೂ ತೊಡಕುಂಟು; ಅದನ್ನು ಮರೆಮಾಚುವುದು ಸರಿಯಲ್ಲ. ‘ನರ’ ಎಂಬ ಮಾತನ್ನೇ ನೋಡಿ. ಪಠ್ಯಪುಸ್ತಕದಲ್ಲಿ ಅದು ಮಿದುಳಿನಿಂದ ಸಂದೇಶ ಒಯ್ಯುವ ತಂತು. ಮನೆಮಾತಿನಲ್ಲಿ ರಕ್ತನಾಳವೂ ನರ, ಸ್ನಾಯುವನ್ನು ಮೂಳೆಗೆ ಕಟ್ಟಿದ ಹುರಿಯೂ ನರ. ಮೀನಖಂಡದಲ್ಲಿ ನೀಲಿ ಗಂಟುಗಳೆದ್ದ ಹೆಂಗಸು “ಕಾಲಿನ ನರ ಉಬ್ಬಿದೆ” ಎನ್ನುತ್ತಾಳೆ. ಫಲಕದಲ್ಲಿ ‘ನರರೋಗ ತಜ್ಞರು’ ಎಂದಿದೆ. ಆಕೆ ಅಲ್ಲಿಗೆ ಹೋಗುವುದು ನ್ಯಾಯವೇ ಅಲ್ಲವೆ? ಆದರೆ ಆ ತಜ್ಞರು ನೋಡುವುದು ಮೂರ್ಛೆರೋಗ, ಪಾರ್ಶ್ವವಾಯು, ಕೈನಡುಕ, ಬಿಡದ ತಲೆನೋವು. ಆಕೆಗೆ ಬೇಕಾದವರು ರಕ್ತನಾಳಗಳ ಶಸ್ತ್ರವೈದ್ಯರು. ಇಲ್ಲಿ ಆಕೆಯ ಕನ್ನಡ ತಪ್ಪಲ್ಲ. ಆಕೆಯ ಕನ್ನಡವನ್ನು ಕೇಳಿಸಿಕೊಳ್ಳದೆ ಹೆಸರಿಟ್ಟವರದು ತಪ್ಪು.

‘ಗ್ಯಾಸ್ಟ್ರಿಕ್’ ಎಂಬ ಇನ್ನೊಂದು ಮಾತುಂಟು. ಅದು ಈಗ ಅಚ್ಚಗನ್ನಡವೇ ಆಗಿಹೋಗಿದೆ. ಹೊಟ್ಟೆಯುಬ್ಬರ, ಹುಳಿತೇಗು, ಬೆನ್ನುನೋವು, ಕೊನೆಗೆ ಎದೆನೋವಿಗೂ ಅದೇ ಹೆಸರು. ಎದೆಯ ನಡುವೆ ಒತ್ತಿ ಹಿಡಿದಂತಾಗಿ, ಬೆವರಿಟ್ಟು, ತೋಳಿಗೋ ದವಡೆಗೋ ನೋವು ಹರಿಯುತ್ತಿರುವವನು ಸೋಡಾ ಕುಡಿದು ಮಲಗುತ್ತಾನೆ. ಬೆಳಗ್ಗೆ ಪಾಲಿಕ್ಲಿನಿಕ್ಕಿಗೆ ಫೋನು ಮಾಡಿ ಹೊಟ್ಟೆಯ ಡಾಕ್ಟರನ್ನು ಕೇಳುತ್ತಾನೆ. ಆ ಕಡೆಯ ದನಿ “ನಾಳೆ ಆರು ಗಂಟೆ” ಎಂದು ಬರೆದುಕೊಳ್ಳುತ್ತದೆ. “ಯಾವ ಡಾಕ್ಟರು ಬೇಕು” ಎಂದು ಕೇಳುವ ಬದಲು “ಏನು ತೊಂದರೆ” ಎಂದು ಒಂದು ಮಾತು ಕೇಳಿದ್ದರೆ, ಆ ದನಿ ಅವನನ್ನು ಕೂಡಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಟ್ಟಬಹುದಾಗಿತ್ತು. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲುವವನದೂ ಇದೇ ಕಥೆ. ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇಂಥವರಿಗೆ ಯಾವ ಫಲಕವೂ ಬೇಡ, ಯಾವ ವೇಳೆ ಗೊತ್ತುಪಡಿಸುವುದೂ ಬೇಡ. ಆದರೆ ಹಾಗೆಂದು ಅವರಿಗೆ ಹೇಳುವವರು ಬೇಡವೆ?

ಈಗ ಫಲಕಕ್ಕೆ ಬರೋಣ. ಅದು ತೋರುವಷ್ಟು ಕಗ್ಗಂಟೇನೂ ಅಲ್ಲ. ಬಿಡಿಸಿ ಹೇಳುವವರಿಲ್ಲ, ಅಷ್ಟೆ. ನಮ್ಮ ಹಳಬರು ಚರಕನೆಂದರೆ ಔಷಧ, ಸುಶ್ರುತನೆಂದರೆ ಶಸ್ತ್ರ ಎಂದು ಎಂದೋ ಬೇರ್ಪಡಿಸಿದ್ದರು. ಇಂದಿನ ಫಲಕದಲ್ಲಿಯೂ ಮುಖ್ಯವಾಗಿ ಅದೇ ಎರಡು ಒಕ್ಕಲು. ಹೆಸರಿನ ಮುಂದೆ ಎಂ. ಡಿ., ಡಿ. ಎಂ. ಎಂದಿದ್ದರೆ ಬಹುಮಟ್ಟಿಗೆ ಚರಕನ ಕಡೆ, ಎಂ. ಎಸ್., ಎಂ. ಸಿಎಚ್. ಎಂದಿದ್ದರೆ ಸುಶ್ರುತನ ಕಡೆ. ಒಂದೇ ಅಂಗಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬರು ಇರುವುದರಿಂದಲೇ ಗಲಿಬಿಲಿ.

ಕಿಡ್ನಿಯನ್ನೇ ತೆಗೆದುಕೊಳ್ಳಿ. ಅದು ರಕ್ತವನ್ನು ಸೋಸುವ ಜರಡಿ. ಜರಡಿಯೇ ಕೆಟ್ಟು ಕಾಲು ಬಾತರೆ, ಮೂತ್ರ ನೊರೆಯಾದರೆ, ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ, ಔಷಧದಿಂದ ನೋಡಿಕೊಳ್ಳುವವರು ನೆಫ್ರಾಲಜಿಸ್ಟ್. ಡಯಾಲಿಸಿಸ್ ಅವರ ಉಸ್ತುವಾರಿ. ಜರಡಿಯಿಂದ ಹೊರಡುವ ಕೊಳವೆಯಲ್ಲಿ ಕಲ್ಲು ಸಿಕ್ಕಿದರೆ, ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ, ನೋಡುವವರು ಯೂರಾಲಜಿಸ್ಟ್. ಮಿದುಳಿಗೂ ಹಾಗೆಯೇ ಇಬ್ಬರು: ನ್ಯೂರಾಲಜಿಸ್ಟ್ ಔಷಧದವರು, ಗೆಡ್ಡೆ ತೆಗೆಯುವವರು, ತಲೆಗೆ ಪೆಟ್ಟಾಗಿ ರಕ್ತ ತುಂಬಿದರೆ ತೆರೆಯುವವರು ನ್ಯೂರೋಸರ್ಜನ್. ಹೃದಯದಲ್ಲಿ ಗೆರೆ ಸ್ವಲ್ಪ ಅಳಿಸಿದೆ: ಕಾರ್ಡಿಯಾಲಜಿಸ್ಟ್ ಔಷಧದ ಕಡೆಯವರಾದರೂ ಮಣಿಕಟ್ಟಿನ ನಾಳದ ಮೂಲಕವೇ ಸ್ಟೆಂಟ್ ಕೂಡಿಸುತ್ತಾರೆ, ಎದೆ ತೆರೆಯುವ ಕೆಲಸ ಮಾತ್ರ ಶಸ್ತ್ರವೈದ್ಯರದು. ಕಣ್ಣು, ಹೆರಿಗೆ, ಕಿವಿ-ಮೂಗು-ಗಂಟಲುಗಳಲ್ಲಿ ಮದ್ದು ಕೊಡುವವರೂ ಕತ್ತರಿ ಹಿಡಿಯುವವರೂ ಒಬ್ಬರೇ. ಅಲ್ಲಿ ಜನಕ್ಕೆ ಗೊಂದಲವಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಹೆಚ್ಚು ನಷ್ಟವಾಗುವುದು ಕೀಲುಗಳಲ್ಲಿ. ಕೀಲುನೋವೆಂದರೆ ಜನ ಹೋಗುವುದು ಮೂಳೆ ಡಾಕ್ಟರ ಹತ್ತಿರ. ಬಿದ್ದು ಮುರಿದದ್ದು, ವಯಸ್ಸಿಗೆ ಸವೆದ ಮಂಡಿ, ಇವು ಅವರ ಕ್ಷೇತ್ರವೇ. ಆದರೆ ನಡುವಯಸ್ಸಿನ ಹೆಂಗಸಿಗೆ ಬೆರಳಿನ ಸಣ್ಣ ಕೀಲುಗಳು ಊದಿ, ಬೆಳಗ್ಗೆ ಎದ್ದು ಅರ್ಧ ಗಂಟೆ ಒಂದು ಗಂಟೆ ಮುಷ್ಟಿ ಮಡಿಸಲಾಗದಿದ್ದರೆ, ಅದು ಮೂಳೆಯ ತಂಟೆಯಲ್ಲದಿರಬಹುದು. ದೇಹದ ಕಾವಲು ಪಡೆಯೇ ದೇಹದ ಮೇಲೆ ತಿರುಗಿಬಿದ್ದಿರಬಹುದು. ಅದನ್ನು ನೋಡುವವರು ರುಮಟಾಲಜಿಸ್ಟ್. ಬೇಗ ಔಷಧ ಆರಂಭಿಸಿದರೆ ಬೆರಳು ಸೊಟ್ಟಗಾಗುವುದನ್ನು ಬಹಳ ಮಟ್ಟಿಗೆ ತಪ್ಪಿಸಬಹುದು. ನೋವಿನ ಮಾತ್ರೆ ನುಂಗುತ್ತ ವರ್ಷಗಳನ್ನು ಕಳೆದರೆ ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ. ಅವರ ಹೆಸರು ಅದೇ ಫಲಕದಲ್ಲಿ, ಮೂಳೆ ಡಾಕ್ಟರ ಹೆಸರಿನ ಕೆಳಗೇ ಇರುತ್ತದೆ. ಆದರೆ ರುಮಟಾಲಜಿಸ್ಟ್ ಎಂದರೆ ಏನೆಂದು ಆಕೆಗೆ ಹೇಳಿದವರು ಯಾರು?

ಉಳಿದವರ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಇವು ಎಂಡೊಕ್ರೈನಾಲಜಿಸ್ಟರದು. ದಮ್ಮು, ಬಿಡದ ಕೆಮ್ಮು, ಶ್ವಾಸಕೋಶ, ಇವು ಪಲ್ಮನಾಲಜಿಸ್ಟರದು. ಮನೋವೈದ್ಯರು ಡಾಕ್ಟರು, ಮಾತ್ರೆ ಬರೆಯುವವರು. ಮನಶ್ಶಾಸ್ತ್ರಜ್ಞರು ಮಾತಿನಿಂದ, ಪರೀಕ್ಷೆಗಳಿಂದ ನೆರವಾಗುವವರು, ಮಾತ್ರೆ ಬರೆಯುವವರಲ್ಲ. ಇನ್ನು ‘ಜನರಲ್ ಫಿಜಿಷಿಯನ್’. ರೈಲಿನ ಜನರಲ್ ಬೋಗಿಯನ್ನು ನೆನೆದು, ಜನರಲ್ ಎಂದರೆ ಅಗ್ಗದ ದರ್ಜೆಯೆಂದು ನಮ್ಮ ಮಧ್ಯಮವರ್ಗ ಭಾವಿಸಿದೆ. ಅವರೂ ಎಂ. ಬಿ. ಬಿ. ಎಸ್. ಆದ ಮೇಲೆ ಮೂರು ವರ್ಷ ಓದಿ ಎಂ. ಡಿ. ಪಡೆದವರೇ. ದೇಹವನ್ನು ಇಡಿಯಾಗಿ ನೋಡುವುದೇ ಅವರ ತಜ್ಞತೆ. ಯಾವ ಬಾಗಿಲೆಂದು ತಿಳಿಯದವನು ಮೊದಲು ತಟ್ಟಬೇಕಾದ ಬಾಗಿಲು ಅದೇ.

ಇಷ್ಟನ್ನು ಒಬ್ಬ ಕನ್ನಡ ಮೇಷ್ಟರು ವಾರಪತ್ರಿಕೆಯ ಪುಟದಲ್ಲಿ ಹೇಳಬಹುದಾದರೆ, ಪಾಲಿಕ್ಲಿನಿಕ್ಕಿನವರು ತಮ್ಮ ಬಾಗಿಲಲ್ಲೇ ಹೇಳಲಾರರೆ? ಕಾನೂನಿನ ಒತ್ತಾಯ ಬೇಕೆನ್ನುವಿರಾದರೆ ಅದರ ವಿಚಿತ್ರವನ್ನೂ ನೋಡಿ. ಸೇವೆಯ ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಬೆಲೆ ಹೇಳಬೇಕು, ಸರಕು ಏನೆಂದು ಹೇಳಬೇಕಾಗಿಲ್ಲ! ೨೦೨೩ರ ಡಿಸೆಂಬರಿನಲ್ಲಿ ನಾಮಫಲಕಗಳಿಗಾಗಿ ಬೆಂಗಳೂರಿನ ಬೀದಿಗಳಲ್ಲಿ ದೊಡ್ಡ ಚಳವಳಿಯೇ ಆಯಿತು. ೨೦೨೪ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಫಲಕದ ಶೇಕಡ ೬೦ ಭಾಗ ಕನ್ನಡದಲ್ಲಿರಬೇಕೆಂದು ವಿಧಿಯಾಯಿತು. ಸಂತೋಷ. ಆದರೆ ವಿಧಿಯನ್ನು ಪಾಲಿಸಿದ ರೀತಿ ಹೇಗೆ? ರೋಮನ್ ಅಕ್ಷರದ ಗ್ಯಾಸ್ಟ್ರೋಎಂಟರಾಲಜಿಸ್ಟನ್ನು ತೆಗೆದು ಕನ್ನಡ ಅಕ್ಷರದಲ್ಲಿ ಗ್ಯಾಸ್ಟ್ರೋಎಂಟರಾಲಜಿಸ್ಟ್ ಎಂದು ಬರೆದದ್ದು. ಅಳತೆಪಟ್ಟಿ ಹಿಡಿದು ಬಂದ ಅಧಿಕಾರಿಗೆ ತೃಪ್ತಿ, ನಮ್ಮ ಅಭಿಮಾನಿಗಳಿಗೂ ತೃಪ್ತಿ. ಶೇಕಡ ೬೦ ಲಿಪಿ ಕನ್ನಡವಾಯಿತು. ಅರ್ಥದಲ್ಲಿ ಶೇಕಡ ಒಂದೂ ಆಗಲಿಲ್ಲ. ಮೊದಲು ಓದಲಾರದಿದ್ದವನು ಈಗ ಓದಬಲ್ಲ. ಓದಿಯೂ ಮೊದಲಿನಷ್ಟೇ ಕತ್ತಲೆಯಲ್ಲಿದ್ದಾನೆ.

ಇಂಗ್ಲಿಷ್ ಬಲ್ಲವರಿಗೆ ಇವು ತಿಳಿಯುತ್ತವೆಂಬುದೂ ಒಂದು ಭ್ರಮೆ. ಇವು ಬಹುಪಾಲು ಗ್ರೀಕಿನಿಂದ ಕಟ್ಟಿದ ಮಾತುಗಳು; ಇಂಗ್ಲಿಷಿಗೂ ನೆಂಟರೇ ಹೊರತು ಮನೆಮಕ್ಕಳಲ್ಲ. ಮೂಳೆ ಡಾಕ್ಟರನ್ನು ಆರ್ಥೊಪೀಡಿಷಿಯನ್ ಎನ್ನುತ್ತೇವೆ. ಈ ಶಾಸ್ತ್ರದ ಹೆಸರನ್ನು ೧೭೪೧ರಲ್ಲಿ ಟಂಕಿಸಿದವನು ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ. ಅದರಲ್ಲಿರುವ ಎರಡು ಗ್ರೀಕ್ ಮಾತುಗಳ ಅರ್ಥ ‘ನೆಟ್ಟಗೆ’ ಮತ್ತು ‘ಮಗು’; ಮಕ್ಕಳ ಅಂಗದೋಷ ತಿದ್ದುವುದು ಅವನ ಉದ್ದೇಶವಾಗಿತ್ತು. ಮೂಳೆಯ ಮಾತೇ ಅದರಲ್ಲಿಲ್ಲ. ನಮ್ಮ ಜನರ ‘ಮೂಳೆ ಡಾಕ್ಟರು’ ಅದಕ್ಕಿಂತ ಎಷ್ಟೋ ಸ್ಪಷ್ಟ.

ಹಾಗೆಂದು ನನ್ನ ಪಂಗಡದ ಪಂಡಿತರನ್ನು ಸುಮ್ಮನೆ ಬಿಡಲಾರೆ. ಎಂಡೊಕ್ರೈನಾಲಜಿಸ್ಟ್ ಬೇಡವೆಂದು ‘ನಿರ್ನಾಳಗ್ರಂಥಿ ತಜ್ಞ’ ಎಂದೂ, ಗ್ಯಾಸ್ಟ್ರೋಎಂಟರಾಲಜಿಸ್ಟ್ ಬೇಡವೆಂದು ‘ಜಠರಾಂತ್ರ ರೋಗತಜ್ಞ’ ಎಂದೂ ಬರೆಸಿದರೆ ರೋಗಿ ಗ್ರೀಕಿನಿಂದ ತಪ್ಪಿಸಿಕೊಂಡು ಸಂಸ್ಕೃತದ ಕೈಗೆ ಸಿಕ್ಕಂತಾಯಿತು. ಅತ್ತ ದರಿ, ಇತ್ತ ಪುಲಿ. ಶಾಸ್ತ್ರಗ್ರಂಥಕ್ಕೆ ಅಂಥ ಪದಗಳು ಬೇಕು. ಅದು ಬೇರೆ ಮಾತು. ಬಾಗಿಲ ಫಲಕ ಶಾಸ್ತ್ರಗ್ರಂಥವಲ್ಲ. ‘ನಮ್ಮ ಕ್ಲಿನಿಕ್’ ಎಂದು ೨೦೨೩ರಲ್ಲಿ ಸರ್ಕಾರ ಬೆಂಗಳೂರಿನ ವಾರ್ಡುಗಳಲ್ಲಿ ತೆರೆಯಿತಲ್ಲ, ಹೆಸರಿನಲ್ಲಿ ಅರ್ಧ ಇಂಗ್ಲಿಷು. ಆದರೂ ಯಾರಿಗೂ ಭಾಷಾಂತರ ಬೇಕಾಗಲಿಲ್ಲ. ಕಿಡ್ನಿ, ಬಿ. ಪಿ., ಸ್ಟೆಂಟ್ ಎಂಬ ಮಾತುಗಳು ಕನ್ನಡವಾಗಿ ಆಗಿದೆ. ಅವನ್ನು ಬಳಸುವುದಕ್ಕೆ ನಾಚಿಕೆಯಿಲ್ಲ.

ಕನ್ನಡದಲ್ಲಿ ವೈದ್ಯವನ್ನು ಹೇಳಲಾಗದೆಂಬ ಮಾತಂತೂ ಸಲ್ಲದು. ಬೆಂಗಳೂರಿನಲ್ಲಿ ವೈದ್ಯರಾಗಿದ್ದು ೧೯೪೨ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದ ರಾಶಿ, ಎಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾಕ್ಟರ್ ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಮನೆಮನೆಯ ಡಾಕ್ಟರಾದರು. ಮನಸ್ಸಿನಂಥ ಸೂಕ್ಷ್ಮವನ್ನು ಪುಸ್ತಕದುದ್ದಕ್ಕೂ ಹೇಳಿದ ಭಾಷೆಗೆ ಮೂತ್ರದ ಕಲ್ಲಿನ ವಿಷಯ ಒಂದು ಸಾಲಿನಲ್ಲಿ ಹೇಳಲು ಬಾರದೆ?

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು ೧೯೪೮ರಲ್ಲಿ. ಅದೇ ವರ್ಷ ಇಂಗ್ಲೆಂಡು ತನ್ನ ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯನ್ನು ಆರಂಭಿಸಿತು. ಅಲ್ಲಿ ಪ್ರತಿ ಮನೆಗೂ ಒಬ್ಬ ಸಾಮಾನ್ಯ ವೈದ್ಯರು. ತುರ್ತು ಸಂದರ್ಭ ಬಿಟ್ಟರೆ, ತಜ್ಞರನ್ನು ನೋಡಬೇಕಾದರೆ ಸಾಮಾನ್ಯವಾಗಿ ಅವರ ಕಾಗದ ಬೇಕು. ಆ ವ್ಯವಸ್ಥೆಯಲ್ಲಿ ಕಾಯುವ ಕಷ್ಟ ಬಹಳವೆಂದು ಅಲ್ಲಿಂದ ಬಂದವರು ಗೊಣಗುತ್ತಾರೆ. ಇರಬಹುದು. ಆದರೆ ಬಾಗಿಲಲ್ಲಿ ದಾರಿ ಹೇಳುವವರು ಒಬ್ಬರಿರುತ್ತಾರೆ. ನಮ್ಮ ಹಳೆಯ ಬಡಾವಣೆಗಳಲ್ಲೂ ಇದ್ದರು. ಕಾಂಪೌಂಡರು ಬೆರೆಸಿದ ಮಿಕ್ಸ್ಚರು, ಸೀಸೆಗೆ ಅಂಟಿಸಿದ ಕಾಗದದ ಗುರುತು, ಇವೆಲ್ಲ ಹೋದದ್ದಕ್ಕೆ ನಾನು ಅಳುವುದಿಲ್ಲ. ಆ ಡಾಕ್ಟರ ಕೈಯಲ್ಲಿ ಇಂದಿನ ಪರೀಕ್ಷೆಗಳೂ ಇರಲಿಲ್ಲ, ಇಂದಿನ ಔಷಧಗಳೂ ಇರಲಿಲ್ಲ. ಆದರೆ “ಇದು ನನ್ನಿಂದಾಗದು, ಇಂಥವರಲ್ಲಿಗೆ ಹೋಗು” ಎನ್ನುವ ಒಂದು ಮಾತು ಇತ್ತು. ಪಾಲಿಕ್ಲಿನಿಕ್ಕು ಆ ಮಾತಿನ ಕೆಲಸವನ್ನು ರೋಗಿಗೆ ವಹಿಸಿಬಿಟ್ಟಿತು. ಫೋನಿನಲ್ಲಿ ಹುಡುಕಿಕೊಳ್ಳಲಿ ಎನ್ನುವವರು, ಅಲ್ಲಿ ತಲೆನೋವೆಂದು ಬರೆದವನು ಹತ್ತು ನಿಮಿಷದಲ್ಲಿ ಮಿದುಳಿನ ಗೆಡ್ಡೆಯವರೆಗೆ ಹೋಗಿ ನಿದ್ದೆಗೆಡುವುದನ್ನು ಕಂಡಿಲ್ಲ.

ನಾನು ಕೇಳುವುದು ಮೂರೇ ಸಂಗತಿ. ಮೊದಲನೆಯದು, ಪ್ರತಿ ಬಿರುದಿನ ಕೆಳಗೆ ಒಂದು ಸಾಲು ಆಡುಗನ್ನಡ. ಬಿರುದು ಹೇಗಾದರೂ ಇರಲಿ. “ಮೂತ್ರದ ದಾರಿಯಲ್ಲಿ ಕಲ್ಲು, ತಡೆ, ರಕ್ತ, ಪ್ರಾಸ್ಟೇಟ್ ತೊಂದರೆ ನೋಡುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ.” “ಊದಿದ, ಬೆಳಗ್ಗೆ ಬಿಗಿಯುವ ಕೀಲುಗಳಿಗೆ ಔಷಧ ಕೊಡುತ್ತಾರೆ, ಶಸ್ತ್ರಚಿಕಿತ್ಸೆ ಇಲ್ಲ.” ಇಷ್ಟು ಬರೆಸಲು ಬಣ್ಣದವನಿಗೆ ಎಷ್ಟು ಕೂಲಿ? ಎರಡನೆಯದು, ಮೇಜಿನ ಪ್ರಶ್ನೆ ಬದಲಾಗಲಿ. “ಯಾವ ಡಾಕ್ಟರು ಬೇಕು” ಹೋಗಿ “ಏನು ತೊಂದರೆ” ಬರಲಿ. ಅದನ್ನು ಹತ್ತು ಜನರ ಎದುರಿಗೆ ಕೂಗಿ ಕೇಳದೆ, ತರಬೇತಾದ ದಾದಿಯೊಬ್ಬರು ಮರೆಯಲ್ಲಿ ಕೇಳಲಿ. ಮೂರನೆಯದು, ದಾರಿ ಕಾಣದವನಿಗೆ ಮೊದಲು ಜನರಲ್ ಫಿಜಿಷಿಯನ್. ಅದೇ ಮನೆಯೊಳಗೆ ತಪ್ಪು ಬಾಗಿಲು ತಟ್ಟಿದವನನ್ನು ಸರಿಯಾದ ಬಾಗಿಲಿಗೆ ಕಳಿಸುವಾಗ ಮೊದಲ ಫೀಜು ಎರಡನೆಯದಕ್ಕೆ ಜಮೆ. ದಾರಿ ತಪ್ಪಿಸಿದ್ದು ಫಲಕ. ದಂಡ ರೋಗಿ ಏಕೆ ತೆರಬೇಕು?

ಇದಕ್ಕೆ ಸರ್ಕಾರದ ಆಜ್ಞೆಯನ್ನು ಕಾಯಬೇಕಾಗಿಲ್ಲ; ಆಜ್ಞೆಯಿಂದ ಬಂದ ಕನ್ನಡದ ಪಾಡನ್ನು ಕಂಡಿದ್ದೇವೆ. ಗಿರಾಕಿಗಳು ಕೇಳಿದರೆ ಸಾಕು. ಆದ್ದರಿಂದ ಓದುಗ ಮಹಾಶಯರಲ್ಲಿ ನನ್ನ ವಿನಂತಿ: ಮುಂದಿನ ಸಲ ಮೇಜಿನ ಹಿಂದಿನಿಂದ “ಯಾವ ಡಾಕ್ಟರು ಬೇಕು” ಎಂಬ ಪ್ರಶ್ನೆ ಬಂದಾಗ, ಊಹಿಸಿ ಒಂದು ಹೆಸರು ಹೇಳಬೇಡಿ. ನಿಮಗೆ ಆಗಿರುವ ತೊಂದರೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, “ಯಾವ ಡಾಕ್ಟರೆಂದು ನೀವು ಹೇಳಿ; ಅದಕ್ಕೇ ನಾನು ಬಂದದ್ದು” ಎನ್ನಿ. ಉತ್ತರ ಬರುವವರೆಗೆ ಮೇಜಿನ ಮುಂದಿನಿಂದ ಕದಲಬೇಡಿ.